ಎರಡನೇ ಮಹಡಿಯ ಕಿಟಕಿ

ಭೌತಶಾಸ್ತ್ರ ಕಲಿಸುವವನಿಗೆ ವೈರು, ಬೆಂಕಿ ಎಲ್ಲ ಗೊತ್ತಿರುತ್ತದೆ ಎಂದು, ಗೋಕಾಕದ ನಮ್ಮ ಕಾಲೇಜಿನ ಸುರಕ್ಷತೆಯ ಜವಾಬ್ದಾರಿಯನ್ನು ನನಗೆ ಹಚ್ಚಿದರು. ಬೆಂಕಿ ಬಿದ್ದರೆ ಹೊರಬರುವ ಮೊದಲ ತಾಲೀಮಿನ ದಿನ ಗಂಟೆ ಬಾರಿಸಿದೆವು. ವಿದ್ಯಾರ್ಥಿಗಳು ನಗುತ್ತ, ದಡಬಡ ಪಾವಟಿಗೆ ಇಳಿದು ಮೈದಾನಕ್ಕೆ ಬಂದರು. ಎಷ್ಟು ಬೇಗ ಬಂದರಲ್ಲ ಎಂದು ನಾನು ಹಿಗ್ಗುತ್ತಿದ್ದೆ. ಆಗ ನಮ್ಮ ಕಚೇರಿಯ ಸಿಪಾಯಿ ಕಾಕಾ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಸರ್, ಮ್ಯಾಲ ನೋಡ್ರಿ. ಒಬ್ಬಾಕಿ ಅಲ್ಲೇ ನಿಂತಾಳ."

ಎರಡನೇ ಮಹಡಿಯ ಕಿಟಕಿಯಲ್ಲಿ ಕೌಜಲಗಿ ಊರಿಂದ ಬರುವ ಹುಡುಗಿ. ಊರುಗೋಲು ಹಿಡಿದು ನಡೆಯುವವಳು. ಓಡಿಹೋದೆ.

"ಯಾಕವ್ವಾ, ಕೆಳಗ ಬರಲಿಲ್ಲ?"

"ಲಿಫ್ಟ್ ಹತ್ತಬ್ಯಾಡ್ರಿ ಅಂತ ನೀವೇ ಹೇಳಿದ್ರಲ್ರಿ ಸರ್. ಪಾವಟಿಗ್ಯಾಗ ಎಲ್ಲಾರೂ ಓಡಾಕತ್ತಿದ್ರು. ಬೀಳೂದಕ್ಕಿಂತ ಇಲ್ಲೇ ನಿಲ್ಲೂದು ಚಲೋ ಅನ್ನಿಸ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ವಾರಗಟ್ಟಲೆ ಕೂತು ಬರೆದ ಯೋಜನೆಯಲ್ಲಿ ಅವಳು ಎಲ್ಲೂ ಇರಲಿಲ್ಲ.

ಮರುದಿನ ಅವಳನ್ನೇ ಕರೆದು ಕೇಳಿದೆ, ಏನು ಮಾಡೋಣವೆಂದು. ಅವಳು ಅಂದಳು: "ನನ್ನ ಎತ್ತೂಕಿಂತ ಮೊದಲ ನನ್ನ ಕೇಳ್ರಿ ಸರ್. ಸಾಲ್ಯಾಗ ಕೇಳದನ ಎತ್ತಿ ಕುಂದ್ರಸ್ತಿದ್ರು. ಭಾಳ ನಾಚಿಕಿ ಆಗ್ತಿತ್ತು."

ಅವಳ ತರಗತಿಯನ್ನು ಕೆಳಗಿನ ಮಹಡಿಗೆ ತಂದೆವು. ಗ್ರಂಥಾಲಯ ಮಾತ್ರ ಮೇಲೆಯೇ ಉಳಿಯಿತು. ಅದಕ್ಕಾಗಿ ಅಲ್ಲಿ ಒಂದು ಗಟ್ಟಿ ಕುರ್ಚಿ ಇಟ್ಟೆವು; ಅವಳ ಇಬ್ಬರು ಗೆಳತಿಯರು ಮತ್ತು ಕಾಕಾ ಅದನ್ನು ಹೊತ್ತು ಇಳಿಯುವ ರೂಢಿ ಮಾಡಿಕೊಂಡರು. ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಟ್ಟವಳು ಅವಳೇ.

ಮಳೆಗಾಲದ ಒಂದು ಮಧ್ಯಾಹ್ನ ಮೊದಲ ಮಹಡಿಯ ವಿದ್ಯುತ್ ಬೋರ್ಡಿನಿಂದ ಹೊಗೆ ಎದ್ದಿತು. ಅವಳು ಗ್ರಂಥಾಲಯದಲ್ಲಿದ್ದಳು. ನಾನು ಮುಖ್ಯ ಸ್ವಿಚ್ ಆರಿಸಿ ಪಾವಟಿಗೆಯ ಕಡೆ ಓಡುವಷ್ಟರಲ್ಲಿ ಗೆಳತಿಯರು ಮತ್ತು ಕಾಕಾ ಕೆಮ್ಮುತ್ತ ಅವಳ ಕುರ್ಚಿ ಇಳಿಸುತ್ತಿದ್ದರು.

"ಹಿಂದಕ್ಕ ವಾಲಿಸಿ ಹಿಡೀರೆ! ಕಾಕಾ, ನೀವು ಸಾವಕಾಶ ಬರ್ರಿ!" ಅವಳು ಕೂಗುತ್ತಿದ್ದಳು.

ಯಾರಿಗೂ ಏನೂ ಆಗಲಿಲ್ಲ. ಸುಟ್ಟದ್ದು ಬೋರ್ಡು ಮಾತ್ರ. ಮೈದಾನಕ್ಕೆ ಬಂದಮೇಲೆ ಕುರ್ಚಿಯನ್ನು ನೆಲಕ್ಕಿಳಿಸಿದರು. ಒಬ್ಬ ಗೆಳತಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಇನ್ನೊಬ್ಬಳು ಅವಳ ಮನೆಗೆ ಫೋನ್ ಹಚ್ಚಿ ಅವಳ ಕಿವಿಗಿಟ್ಟಳು.

"ಯವ್ವಾ, ಕಾಲೇಜಿನ್ಯಾಗ ಹೊಗಿ ಎದ್ದಿತ್ತು. ಹೆದರಬ್ಯಾಡ," ಎಂದಳು. "ನಾ ಎಲ್ಲಾರ ಕೂಡ ಹೊರಗ ಬಂದೇನಿ."