ಮೊದಲು ಬಿಳಿ

ಮಾವನ ಎಡಗೈಯ ಹಿಂಬದಿಯಲ್ಲಿ ಪ್ರೊಜೆಕ್ಟರಿನೊಳಗೆ ಬೆಳಕಿಗಾಗಿ ಉರಿಸುವ ಕಾರ್ಬನ್ ಕಡ್ಡಿಯಿಂದ ಕಿಡಿ ಸಿಡಿದು ಸುಟ್ಟ ಚುಕ್ಕೆಗಳಿದ್ದವು. ಏಳು ಎಂದು ನನ್ನ ನೆನಪು. ಅತ್ತೆಯನ್ನು ಕೇಳಿದರೆ ಮೂರು ಎನ್ನುತ್ತಾರೆ. ಮುಂದೆ ಬರೆಯುವುದನ್ನೂ ಅಷ್ಟರಮಟ್ಟಿಗೇ ನಂಬಿ.

ಕೊಳ್ಳೇಗಾಲದ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಅವರು ನನ್ನ ಸೋದರಮಾವ. ಆಟಕ್ಕೆ ಮೊದಲು ರೀಲಿಲ್ಲದೆ ಬರೀ ಬೆಳಕನ್ನು ಪರದೆಯ ಮೇಲೆ ಬಿಟ್ಟು ನೋಡುತ್ತಿದ್ದರು. ಹಳದಿ ಕಂಡರೆ ಕಡ್ಡಿಗಳನ್ನು ಸರಿಪಡಿಸುತ್ತಿದ್ದರು. "ಮೊದ್ಲು ಬಿಳೀದ ಸರಿ ಮಾಡು. ಮಿಕ್ಕಿದ್ದು ತಾನಾಗೇ ಬತ್ತದೆ" ಎನ್ನುತ್ತಿದ್ದರು. ಬಟ್ಟೆ ಒಗೆಯುವಾಗಲೂ ಇದೇ ಪಾಠ ಎಂದು ಅತ್ತೆ ಗೊಣಗುತ್ತಿದ್ದರು.

ನಾನೀಗ ಸಿನಿಮಾಗಳ ಬಣ್ಣ ತಿದ್ದುತ್ತೇನೆ. ಕೌದಳ್ಳಿಯ ಸುತ್ತ ಫಿಲ್ಮಿನಲ್ಲೇ ತೆಗೆದ ಒಂದು ಚಿತ್ರ ನನ್ನ ಕೈಗೆ ಬಂತು. ನೆಗೆಟಿವನ್ನು ಒಂದೊಂದೇ ಫ್ರೇಮಾಗಿ ಸ್ಕ್ಯಾನ್ ಮಾಡಿದಾಗ ಚಿತ್ರ ಬೂದಿ ಬಳಿದಂತೆ ಮಂಕಾಗಿರುತ್ತದೆ. ನೆರಳಿನದಾಗಲಿ ಬೆಳಕಿನದಾಗಲಿ ವಿವರ ಕಳೆಯಬಾರದೆಂದೇ ಹಾಗೆ. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು, ಬೆಳಕನ್ನು, ನಡುವಿನದನ್ನು ಬೇರೆಬೇರೆಯಾಗಿ ತಿದ್ದಬಹುದು. ಬೇಕಾದರೆ ಮುಖವನ್ನು ಮುಟ್ಟದೆ ಮಣ್ಣನ್ನಷ್ಟೇ. ನಿಮ್ಮ ಕಡೆಯ ಮಣ್ಣು, ನೀವೇ ನೋಡಿ ಎಂದರು ನಿರ್ದೇಶಕರು. ನೆನಪಿನಲ್ಲಿದ್ದ ಕೆಂಪನ್ನೆಲ್ಲ ಸುರಿದೆ. ಅವರಿಗೆ ಹಿಡಿಸಿತು. ಕೆಲಸ ಮುಗಿಸಿ ಕೊಡಲು ಇನ್ನೊಂದು ವಾರವಿತ್ತು.

ಯಳಂದೂರಿನ ಮಾವನ ಮನೆಗೆ ಹೋಗಿ ಅವರಿಗೆ ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ, ಹೊಗಳುತ್ತಾರೆಂದು.

"ಇದು ಮಣ್ಣಲ್ಲ ಕಣವ್ವ, ಹಳೇ ಪ್ರಿಂಟು" ಎಂದರು. "ನಮ್ಮೂರ್ಗೆ ಬರೋ ಹೊತ್ಗೆ ರೀಲಲ್ಲಿ ಹಸುರೆಲ್ಲ ಓಗ್ಬುಟ್ಟು ಬರೀ ಕೆಂಪು ಉಳ್ಕತಿತ್ತು. ನೀ ಅದ್ನೇ ಊರು ಅನ್ಕಂಡಿದ್ದೀಯ."

ನಾನು ವಾದಿಸಿದೆ. ಮರುದಿನ ಬಸ್ಸು ಹತ್ತಿಸಿ ಹನೂರು ದಾಟಿಸಿ ಕೌದಳ್ಳಿಗೆ ಕರೆದೊಯ್ದರು. ಹೊಲದ ಬದುವಿನ ಮೇಲೆ ತಮ್ಮ ಬಿಳಿ ಟವೆಲ್ ಹಾಸಿ ಒಂದು ಹಿಡಿ ಮಣ್ಣು ಸುರಿದರು. ಹೊಲದವನು ಬಂದು, "ಮಣ್ಣು ಟೆಸ್ಟಿಗಾ ಯಜಮಾನ್ರೆ?" ಎಂದ.

"ಮಣ್ಣು ಸರ್ಯಾಗೇ ಅದೆ ಕಣಪ್ಪ. ಇವ್ಳ ಕಣ್ಣು ಟೆಸ್ಟಿಗೆ."

ಬಿಳಿಯ ಮೇಲೆ ಅದು ಬೆಲ್ಲದ ಬಣ್ಣಕ್ಕಿತ್ತು.

ನಿರ್ದೇಶಕರಿಗೆ ಫೋನ್ ಮಾಡಿ ನನ್ನದು ತಪ್ಪಾಗಿದೆ ಎಂದೆ. ಬೇಸರದಲ್ಲೇ ಇನ್ನೆರಡು ವಾರ ಕೊಟ್ಟರು. ಮೊದಲ ಫ್ರೇಮಿನಿಂದ ತಿದ್ದಿದೆ. ಚಿತ್ರ ತೆರೆಗೆ ಬರುವ ಮೊದಲೇ ಮಾವ ತೀರಿಕೊಂಡರು.

ಈಗ ಯಾವ ದೃಶ್ಯ ಬಂದರೂ ಮೊದಲು ಅದರಲ್ಲಿ ಬಿಳಿಯದನ್ನು ಹುಡುಕುತ್ತೇನೆ: ಗೋಡೆ, ಅಂಗಿ, ಯಾರದೋ ಹಲ್ಲು. ಮಾವನನ್ನು ನೆನೆದಾಗ ಮಾತ್ರ ಆ ಬಿಳಿ ಟವೆಲ್ ಹಳೇ ಪ್ರಿಂಟಿನ ಹಾಗೆ ನಸುಗೆಂಪಾಗಿಯೇ ಕಾಣುತ್ತದೆ. ಅದನ್ನು ತಿದ್ದಿಲ್ಲ.