ಕರೆಂಟು ಹೋದಾಗ ನಿಲ್ಲುತ್ತಿದ್ದ ಅಕ್ಕನ ಮುಖ

ಕಾಗವಾಡದ ನಮ್ಮ ಮನೆಯಲ್ಲಿ ಸಂಜೆ ಕರೆಂಟು ಹೋದರೆ ನನ್ನ ಲ್ಯಾಪ್‌ಟಾಪ್ ಗರ ಬಡಿದಂತೆ ನಿಂತುಬಿಡುತ್ತಿತ್ತು. ಬ್ಯಾಟರಿ ತುಂಬಿದ್ದರೂ ಅಷ್ಟೇ. ಪರದೆಯ ಮೇಲೆ ವಿಡಿಯೋ ಕರೆಯಲ್ಲಿದ್ದ ಅಕ್ಕನ ಮುಖ, ಮೇಲೆತ್ತಿದ ಎರಡು ಕೈ, ಅಲ್ಲಿಗೆ ಮುಗಿಯಿತು. ಬಂದ್ ಮಾಡಿ ಮತ್ತೆ ಶುರು ಮಾಡುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಿದ್ದಳು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಿಪ್ಪಾಣಿಯ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ. ನಮ್ಮಿಬ್ಬರ ಮಾತೆಲ್ಲ ಚಿಕ್ಕಂದಿನಲ್ಲಿ ನಾವೇ ಕಟ್ಟಿಕೊಂಡ ಕೈಸನ್ನೆ. ಮೊಬೈಲು ಒರಗಿಸಿಟ್ಟರೆ ಕೈಗಳು ಅರ್ಧ ಕಾಣುತ್ತವೆಂದು ಅವಳ ತಕರಾರು, ಹಾಗಾಗಿ ಲ್ಯಾಪ್‌ಟಾಪೇ ಆಗಬೇಕು. ಜೊತೆಗೆ ಹೊಲಿಯುವ, ತನ್ನಂತೆಯೇ ಕಿವಿ ಕೇಳದ ಒಬ್ಬರನ್ನು ಅವಳು ಮದುವೆಯಾಗುವವಳಿದ್ದಳು. ಬೇರೆ ಜಾತಿಯವರು. ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ. ರಿಜಿಸ್ಟರ್ ಮದುವೆಗೆ ತವರಿನ ಕಡೆಯಿಂದ ನಾನೊಬ್ಬಳಾದರೂ ಬಂದು ಪಕ್ಕದಲ್ಲಿ ನಿಲ್ಲಬೇಕೆಂದು ಅವಳ ಆಸೆ. ಅವಳು ಕೆಲಸ ಮುಗಿಸಿ ಕರೆ ಮಾಡುವ ಹೊತ್ತೂ ನಮ್ಮಲ್ಲಿ ಕರೆಂಟು ಹೋಗುವ ಹೊತ್ತೂ ಒಂದೇ. ಬರುತ್ತೀಯಾ ಎಂದು ಕೇಳಿದಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು. ನಾನು ಬೇಕಂತಲೇ ಬಂದ್ ಮಾಡುತ್ತೇನೆಂದು ಅವಳಿಗೆ ಅನುಮಾನ ಬಂತು. ಮಷಿನ್ ತಪ್ಪು ಎಂದು ಮೆಸೇಜ್ ಹಾಕಿದೆ.

ನನಗೆ ಸಿಟ್ಟು ಬಂತು, ಅದೂ ಮಷಿನ್ ಮೇಲೆ. ಅದರೊಳಗಿನ ವೈಫೈ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಅದರಲ್ಲಿ ಎರಡು ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಭಾಗ ಮುಟ್ಟುವಂತೆ ತಡೆಯುವ ಬೀಗಗಳು, ಇದ್ದವು. ಸಂಪರ್ಕದ ಸ್ಥಿತಿ ಕಾಯಲು ಒಂದು, ಕಳಿಸಬೇಕಾದ ಮಾಹಿತಿಯ ಸಾಲು ಕಾಯಲು ಇನ್ನೊಂದು. ಕರೆಂಟು ಹೋಗಿ ವೈಫೈ ರೌಟರ್ ಆರಿದ ಕೂಡಲೇ ಡ್ರೈವರಿನ ಒಂದು ಭಾಗ ಸ್ಥಿತಿಯ ಲಾಕ್ ಹಿಡಿದು ಸಾಲಿನದಕ್ಕೆ ಕಾಯುತ್ತಿತ್ತು, ಅದೇ ಗಳಿಗೆಗೆ ಇನ್ನೊಂದು ಭಾಗ ಸಾಲಿನದನ್ನು ಹಿಡಿದು ಸ್ಥಿತಿಯದಕ್ಕೆ ಕಾಯುತ್ತಿತ್ತು. ಎರಡೂ ಬಿಡದೆ ಮಷಿನ್ ನಿಲ್ಲುತ್ತಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವ ಕಂಪನಿಯ ಲ್ಯಾಬಿನಲ್ಲಿ ಕರೆಂಟೇ ಹೋಗುವುದಿಲ್ಲವಾದ್ದರಿಂದ ಅಲ್ಲಿ ಯಾರಿಗೂ ಇದು ಕಂಡಿರಲಿಲ್ಲ.

ಇಷ್ಟು ಹೊತ್ತು ಏನು ಹುಡುಕುವುದು ಎಂದು ಗಂಡ ಕೇಳಿದರು. ದ್ರಾಕ್ಷಿ ತೋಟದ ಮೋಟರ್ ಖೋಲಿಯ ಕೀಲಿ ನಿಮ್ಮ ಹತ್ತಿರ, ವಾಲ್ವಿನ ಕೀಲಿ ನಿಮ್ಮಣ್ಣನ ಹತ್ತಿರ, ನೀನು ಮೊದಲು ಕೊಡು ಎಂದು ಇಬ್ಬರೂ ಕೂತರೆ ನೀರು ಹರಿಯುವುದುಂಟೇ ಎಂದೆ. “ನಮ್ಮಣ್ಣ ಹಂಗ ಮಾಡೂದಿಲ್ಲ ಬಿಡು” ಎಂದು ಅವರು ತೋಟಕ್ಕೆ ಹೋದರು.

ಪರಿಹಾರ ಹೇಳಲು ಸುಲಭ. ಯಾರೇ ಆಗಲಿ, ಮೊದಲು ಸ್ಥಿತಿಯ ಲಾಕ್, ಆಮೇಲೆ ಸಾಲಿನದು. ಎರಡನೆಯ ಭಾಗ ಕೈಯಲ್ಲಿದ್ದದ್ದನ್ನು ಬಿಟ್ಟು ಇದೇ ಕ್ರಮದಲ್ಲಿ ಎರಡನ್ನೂ ಹಿಡಿಯುವಂತೆ ತಿದ್ದಿದೆ. ಬಿಟ್ಟು ಹಿಡಿಯುವ ನಡುವೆ ಸಂಪರ್ಕವೇ ಹೋಗಿರಬಹುದೆಂದು ನನಗೆ ಹೊಳೆದಿರಲಿಲ್ಲ. ಮಷಿನ್ ಪೂರ್ತಿ ಮಲಗಿದ ಮೇಲೆ ಹೊಳೆಯಿತು. ಅದನ್ನೂ ನೋಡುವಂತೆ ಸೇರಿಸಿ, ರೌಟರಿನ ಪ್ಲಗ್ ಕಿತ್ತು ಕಿತ್ತು ಪರೀಕ್ಷಿಸಿದೆ. ಮತ್ತೆ ನಿಲ್ಲಲಿಲ್ಲ.

ಮರುದಿನ ಸಂಜೆ ನಾನೇ ಅಕ್ಕನಿಗೆ ಕರೆ ಮಾಡಿದೆ. ಕರೆಂಟು ಹೋಯಿತು. ಚಿತ್ರ ಸ್ವಲ್ಪ ತಡವರಿಸಿ, ಮೊಬೈಲಿನ ನೆಟ್‌ವರ್ಕ್ ಹಿಡಿದು ಮುಂದೆ ಸಾಗಿತು. ಕತ್ತಲಾದ ಮನೆಯನ್ನು ತೋರಿಸಿ, ಚಾರ್ಜಿಂಗ್ ಲೈಟ್ ಎದುರಿಗಿಟ್ಟುಕೊಂಡು ಕೂತೆ. ಅಕ್ಕ ನಕ್ಕಳು. ಅನುಮಾನ ಹೋಯಿತೆಂದು ನನಗೆ ನಿಜಕ್ಕೂ ಖುಷಿಯಾಯಿತು. ಆಮೇಲೆ ಅವಳು ಕೇಳಿದಳು, ಸೋಮವಾರ ಮದುವೆಗೆ ಬರುತ್ತೀಯಾ?

ಸ್ವಲ್ಪ ತಡಿ, ಮೊದಲು ಅಪ್ಪನನ್ನು ಒಪ್ಪಿಸೋಣ ಎಂದು ಸನ್ನೆ ಮಾಡಿದೆ. ನನ್ನ ಕೈ ನಿಲ್ಲುವವರೆಗೂ ಅವಳು ಕಾದಳು.

“ಮಷಿನ್ ಕೆಟ್ಟಿದ್ದು ಖರೇ ಅಂದ್ರ ನೀ ಬರಾಕಿ ಅಂತ ತಿಳ್ಕೊಂಡಿದ್ನಿ” ಎಂದವು ಅವಳ ಕೈಗಳು. ಈ ಸಲ ಕರೆ ಕಡಿದದ್ದು ಅವಳೇ.

ಅಪ್ಪ ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಗಂಡನಿಗಷ್ಟೇ ಹೇಳಿ ಚಿಕ್ಕೋಡಿ ಬಸ್ಸು ಹತ್ತಿದೆ, ಅಲ್ಲಿಂದ ನಿಪ್ಪಾಣಿಗೆ. ರಿಜಿಸ್ಟರ್ ಕಚೇರಿಯ ಅಂಗಳದಲ್ಲಿ ಅಂಗಡಿ ಮಾಲಕರ ಹೆಂಡತಿ ಅಕ್ಕನ ಪಕ್ಕದಲ್ಲಿ ಆಗಲೇ ನಿಂತಿದ್ದರು. ಅಕ್ಕ ತನ್ನ ಎರಡೂ ಕೈಗಳಿಂದ ಅವರ ಕೈ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು, ಕೈ ಬಿಡಲಿಲ್ಲ. ಕೈ ಬಿಡದೆ ಅವಳು ನನ್ನೊಡನೆ ಮಾತಾಡುವಂತಿರಲಿಲ್ಲ.