ಎರಡು ಬಡಿದರೆ ಮುಂದೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಸೋಲಾಪುರದ ದವಾಖಾನೆಯಲ್ಲಿ, ಕೋಳಿ ಕೂಗುವ ಹೊತ್ತಿಗೆ. ಮೂಗು ನನ್ನದೇ. ಬೀಗರು ಒಪ್ಪುತ್ತಿಲ್ಲ, ಒಪ್ಪದಿದ್ದರೆ ಬಿಡಲಿ. ಪೇಢೆ ಹಂಚಿ ಹಂಚಿ ನನ್ನ ಕೈಯೆಲ್ಲ ಜಿಡ್ಡು.

ಆದರೆ ಆಕೆ ಬಂದ ರಾತ್ರಿಯ ಮಾತು ಬರೆಯದೆ ನನಗೆ ನಿದ್ದೆ ಹತ್ತುತ್ತಿಲ್ಲ. ವಾಗದರಿಯ ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆ ಓದಿದವನು ನಾನು, ಕಥೆ ಕಟ್ಟಲು ಬಾರದು. ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳಲ್ಲ, ಅವಳ ಪೂಜೆಗೆಂದು ತಂದಿಟ್ಟ ಪೆನ್ನು ಇದು. ಇದರಿಂದ ಸುಳ್ಳು ಬರೆಯುವ ಧೈರ್ಯ ನನಗಿಲ್ಲ.

ನಮ್ಮ ಟ್ರಕ್ಕು ಹಳೆಯದು. ಉಳ್ಳಾಗಡ್ಡಿ, ಜೋಳ ಹೇರಿ ಹೇರಿ ಅದರ ಎಂಜಿನ್ನಿನ ಬೇರಿಂಗುಗಳು ಸವೆದಿದ್ದವು. ಏರು ಹತ್ತುವಾಗ ಒಳಗಿಂದ ಟಕ್... ಟಕ್... ಯಾರೋ ಸುತ್ತಿಗೆ ಹಿಡಿದು ಕೂತಂತೆ.

ಗಫೂರ್ ಮಿಸ್ತ್ರಿ ಸಂಕ್ರಾಂತಿಗೇ ಹೇಳಿದ್ದ. "ಮಾಲಕ್, ಬೇರಿಂಗ್ ಸೆಟ್ಟು, ಕ್ರ್ಯಾಂಕ್ ಉಜ್ಜಿಸೋದು, ಮಜೂರಿ, ಎಲ್ಲಾ ಹಿಡಿದು ಸಾವಿರದ ಮ್ಯಾಲ ಆಗ್ತದ. ಎಂಟು ದಿನ ಗಾಡಿ ನಿಂದ್ರಬೇಕು. ಆದ್ರ ಈಗೇ ಮಾಡಿಸ್ರಿ. ಆಯಿಲ್ ಮುಳ್ಳು ಸೊನ್ನಿಗೆ ಬಿತ್ತಂದ್ರ ಅಲ್ಲೇ ಬಂದ್ ಮಾಡ್ರಿ. ಇಲ್ಲಂದ್ರ ಕ್ರ್ಯಾಂಕೂ ಹೋಗ್ತದ, ಖರ್ಚು ಮೂರು ಪಟ್ಟು."

ದುಡ್ಡು ಕೂಡಿಸಿಟ್ಟಿದ್ದೆ. ಅಷ್ಟರಲ್ಲಿ ಮಗಳು ನಿಂಗವ್ವ ಚೊಚ್ಚಲು ಬಸುರಿ ಎಂದು ಸುದ್ದಿ ಬಂತು. ತವರಿನವರು ಮಾಡುವ ಕುಬಸದ ಶಾಸ್ತ್ರ ಬಿಡಲಾದೀತೇ? ಹಸಿರು ಸೀರೆ, ಬೀಗರ ಊಟ, ಓಣಿಗೆಲ್ಲ ಶೇಂಗಾ ಹೋಳಿಗೆ. ಬೇರಿಂಗಿನ ದುಡ್ಡು ಹೋಳಿಗೆಯಾಯಿತು. ಎಂಜಿನ್ನಿಗೆ ದಪ್ಪ ಎಣ್ಣೆ ಸುರಿದೆ. ಸದ್ದು ಅಡಗಿತು. ರೋಗವೂ ಹೋಯಿತೆಂದುಕೊಂಡೆ.

ಆ ರಾತ್ರಿ ನಿಂಗವ್ವನಿಗೆ ಬೇನೆ ಎದ್ದಿತು. ಅಕ್ಕಲಕೋಟಕ್ಕೆ ಒಯ್ದೆವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದರು. "ಮೂಲ್ ಆಡವ ಆಹೆ. ಸೋಲಾಪುರಾಲಾ ನ್ಯಾ, ಲವಕರ್!" ಕೂಸು ಅಡ್ಡ ಇದೆ, ಬೇಗ ಸೋಲಾಪುರಕ್ಕೆ ಒಯ್ಯಿರಿ, ಆಪರೇಶನ್ ಅಲ್ಲೇ ಆಗಬೇಕು.

ಕ್ಯಾಬಿನ್ನಿನಲ್ಲಿ ನಾನು, ಹೆಂಡತಿ ಗೌರವ್ವ, ಅವಳ ತೊಡೆಯ ಮೇಲೆ ಮಗಳು. ಹಿಂದಿನ ಮಾಲಿನ ಪೆಟ್ಟಿಗೆ ಖಾಲಿ. ನಮ್ಮ ಕ್ಲೀನರ್ ಭೀಮಶಾ, ನನ್ನ ವಯಸ್ಸಿನವನೇ, ನಾಗಣಸೂರಿನ ತನ್ನ ಮನೆಗೆ ಹೋಗಿದ್ದ.

ಕ್ಲೀನರನ ಬಡಿತದ ಮಾತು ಇಲ್ಲಿ ಹೇಳಿಬಿಡಬೇಕು. ಹಿಂದಿನಿಂದ ಹಲಗೆಗೆ ಒಮ್ಮೆ ಬಡಿದರೆ ನಿಲ್ಲಿಸು. ಎರಡು ಬಡಿದರೆ ಮುಂದೆ ನಡೆ. ಇಪ್ಪತ್ತು ವರ್ಷದ ರೂಢಿ. ಆ ಸದ್ದಿಗೆ ನನ್ನ ಕಾಲು ನನ್ನನ್ನು ಕೇಳುವುದೇ ಇಲ್ಲ.

ದಾರಿಯಲ್ಲಿನ ವಳಸಂಗ ಊರು ಇನ್ನೂ ಮುಂದಿತ್ತು. ಮತ್ತೆ ಶುರುವಾಯಿತು... ಟಕ್... ಟಕ್... ಆಮೇಲೆ ಢಕ್, ಢಕ್. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಆಯಿಲ್ ಮುಳ್ಳು ನಡುಗಿ, ಇಳಿದು, ಸೊನ್ನೆಯ ಮೇಲೆ ಮಲಗಿತು.

ಸುತ್ತ ಒಂದು ದೀಪವಿಲ್ಲ. ಬೆಳಗಿನ ತನಕ ಬೇರೆ ಗಾಡಿಯಿಲ್ಲ. ನಡೆಸಿದರೆ ಎಂಜಿನ್ನು ಕಚ್ಚಿಕೊಂಡು ನಡುದಾರಿಯಲ್ಲೇ ನಿಲ್ಲುತ್ತದೆ. ಆರಿಸಿ ತಣಿಸಿದರೆ ಮತ್ತೆ ಹತ್ತುವ ಭರವಸೆಯಿಲ್ಲ. ಮಗಳು ಕೂಗುವುದನ್ನೂ ಬಿಟ್ಟು ಬರೀ ನರಳುತ್ತಿದ್ದಳು. ಮಿಸ್ತ್ರಿಯ ಮಾತು ನೆನಪಾಗಿ ನಿಲ್ಲಿಸಲು ಕೈ ಚಾಚಿದೆ...

ಹಿಂದಿನಿಂದ ಹಲಗೆಗೆ ಬಡಿತ. ಧಡ್, ಧಡ್.

ಎರಡು.

ನನ್ನ ಕಾಲು ಒತ್ತಿಬಿಟ್ಟಿತು. ಗಾಡಿ ಮುಂದೆ ಹಾರಿತು. ಆಮೇಲಷ್ಟೇ ನನಗೆ ಹೊಳೆದದ್ದು... ಹಿಂದೆ ಯಾರೂ ಇಲ್ಲ!

ಗೌರವ್ವ ಪಿಸುಗುಟ್ಟಿದಳು. "ರೀ... ಭೀಮಶಾ ಹತ್ಯಾನೇನು?"

"ಇಲ್ಲ."

"ಮತ್ತ ಬಡದವರು ಯಾರು?"

"ಸುಮ್ಮನ ಕೂಡು. ಹಿಂದ ನೋಡಬ್ಯಾಡ."

ಎಂಜಿನ್ನು ಸುಮ್ಮನಾಗಿತ್ತು. ಟಕ್ ಇಲ್ಲ, ಢಕ್ ಇಲ್ಲ. ಹೊಸ ಗಾಡಿಗೂ ಇಲ್ಲದ ನುಣುಪು. ಮುಳ್ಳು ಮಾತ್ರ ಸೊನ್ನೆಯಲ್ಲೇ ಇತ್ತು. ಸುಟ್ಟ ಎಣ್ಣೆಯ ವಾಸನೆ ಹೋಗಿ ಹಿಂದಿನ ಕಿಂಡಿಯಿಂದ ಬೀಡಿಯ ಹೊಗೆ ಬಂತು... ಭೀಮಶಾ ಬೀಡಿ ಸೇದುವುದಿಲ್ಲ.

ನನ್ನ ಕಾಲು ಸಡಿಲಾದಾಗಲೆಲ್ಲ ಧಡ್, ಧಡ್. ದಾರಿಯುದ್ದಕ್ಕೂ ಹಾಗೇ. ದವಾಖಾನೆಯ ಗೇಟಿನಲ್ಲಿ ಒಂದೇ ಒಂದು. ಧಡ್.

ನಿಲ್ಲಿಸಿದೆ. ಎಂಜಿನ್ನು ತಾನೇ ಆರಿತು. ಮಗಳನ್ನು ಒಳಗೆ ಸಾಗಿಸಿ, ಕಂದೀಲು ಹಿಡಿದು ಹಿಂದೆ ಹತ್ತಿ ನೋಡಿದೆ. ಮಾಲು ಮುಚ್ಚಲು ಮಡಿಸಿಟ್ಟ ತಾಡಪತ್ರಿ, ಒಂದು ಖಾಲಿ ಚೀಲ. ಅಷ್ಟೇ.

ಕೂಸು ಅತ್ತ ಸದ್ದು ಕೇಳಿದಾಗ ನಾನು ಅಂಗಳದಲ್ಲೇ ಕುಣಿದೆ, ನರ್ಸುಬಾಯಿ ಬೈದರೂ. ಡಾಕ್ಟರೀಣಬಾಯಿ ಹೊರಗೆ ಬಂದು ಅರ್ಧ ತಾಸು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು.

ಮುಂಜಾನೆ ಗಫೂರ್ ಮಿಸ್ತ್ರಿ ಬಂದು ಗಾಡಿಯ ಕೆಳಗೆ ಹೊಕ್ಕು ಎಣ್ಣೆಯ ತಟ್ಟೆ ಬಿಚ್ಚಿದ. ಹೊರಗೆ ಬಂದು ಅಂಗೈ ಚಾಚಿದ. ಬೇರಿಂಗು ಎಂಬುದು ಚಾಕಲೇಟಿನ ಕಾಗದದಂತೆ ಮುದುಡಿ ಸುಟ್ಟಿತ್ತು.

"ಎಲ್ಲಿ ಬಂದ್ ಬಿತ್ತು ಗಾಡಿ?"

"ಇಲ್ಲೇ, ಗೇಟಿನಾಗ."

"ಮಜಾಕ್ ಮಾಡಬ್ಯಾಡ್ರಿ ಮಾಲಕ್. ತೊಟ್ಟು ಎಣ್ಣಿ ಇಲ್ಲ. ಕ್ರ್ಯಾಂಕ್ ನೀಲಿ ಆಗ್ಯಾದ. ಇದು ನಾಕು ಮಾರು ನಡಿಯೂ ಗಾಡಿ ಅಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಈಗ ಮೂರು ಸಾವಿರ ಹಿಡೀರಿ."

"ಮೂರೇನು, ಮೊಮ್ಮಗಳು ಹುಟ್ಯಾಳ! ಮೊದಲ ಪೇಢಾ ತಿನ್ನು!" ಎಂದೆ. ಅವನ ಬಾಯಿಗೇ ತುರುಕಿದೆ.

ಮಧ್ಯಾಹ್ನದ ಬಸ್ಸಿಗೆ ಭೀಮಶಾ ಬಂದ. ರಾತ್ರಿ ಗಾಡಿಯಲ್ಲಿ ಬಡಿದವನಿಗೆ ಭತ್ಯೆ ಕೊಡಲೇಬೇಕು, ನಮ್ಮಲ್ಲಿ ಪದ್ಧತಿ. ನಡೆದದ್ದು ಹೇಳಿ, ಬೇರೆ ಯಾರಿಗೆ ಕೊಡಲೆಂದು ತಿಳಿಯದೆ ಎರಡು ರೂಪಾಯಿ ಅವನ ಕೈಗಿಟ್ಟೆ. ಕೈ ಹಿಂದೆಳೆದುಕೊಂಡ.

"ನಾ ನಾಗಣಸೂರದಾಗ ಹೊಲಕ್ಕ ನೀರು ಕಟ್ಟಾಕತ್ತಿದ್ದೆ, ಅಣ್ಣಾ. ಬಡದವ ಯಾರೋ, ಅವಂಗ ಕೊಡು. ನನಗ ಬ್ಯಾಡ."

ಆ ಎರಡು ರೂಪಾಯಿ ಈಗಲೂ ನನ್ನ ಕಿಸೆಯಲ್ಲಿದೆ. ಖರ್ಚು ಮಾಡಲು ಧೈರ್ಯವಿಲ್ಲ.

ಸಂಜೆ ದವಾಖಾನೆಯ ಪಡಸಾಲೆಯಲ್ಲಿ, ನಿಂಗವ್ವನ ಮಂಚದ ಪಕ್ಕದ ಬಾಗಿಲ ಬಳಿಯೇ ಎಲ್ಲರೂ ಕೂತೆವು. ಬೀಗರು ರೊಟ್ಟಿ, ಶೇಂಗಾ ಹಿಂಡಿ, ಎಣ್ಣಿಗಾಯಿ ತಂದಿದ್ದರು. ಅಳಿಯ ಮಗಳಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದ. ಬೀಗಿತಿ ನಗುತ್ತ, "ಮೂಗು ನಮ್ಮ ಕಡೀದೇ, ಬೀಗರ, ಸುಮ್ಮನ ಉಣ್ರಿ," ಎಂದಳು. ಎಲ್ಲರೂ ನಕ್ಕರು. ನಾನೂ ತುತ್ತು ಎತ್ತಿದೆ.

ಹೊರಗೆ, ಗೇಟಿನಲ್ಲಿ ಬಾಯಿ ಬಿಚ್ಚಿ ನಿಂತ ಟ್ರಕ್ಕಿನ ಕಡೆಯಿಂದ... ಧಡ್, ಧಡ್.

ಯಾರೂ ತಲೆ ಎತ್ತಲಿಲ್ಲ. ಗೌರವ್ವನ ಕೈ ಮಾತ್ರ ಹಿಂಡಿಯ ಬಟ್ಟಲಿನ ಮೇಲೆ ನಿಂತಿತು. ಆಕೆ ನನ್ನನ್ನು ನೋಡಿದಳು.

ಚಾಪೆಯ ಮೇಲೆ ಮಡಿಸಿಟ್ಟ ನನ್ನ ಬಲಗಾಲು ತಾನಾಗಿಯೇ ಮುಂದಕ್ಕೆ ಒತ್ತಿತ್ತು.

"ಉಣ್ಣು," ಎಂದೆ. ಇಬ್ಬರೂ ಉಂಡೆವು.